ಮೊದಲು ಫೆರಿ, ಆಮೇಲೆ ರೂಮು: ಮಾಲ್ಡೀವ್ಸ್‌ಗೆ ಮನೆಮಂದಿಯೆಲ್ಲ ಹೋಗಿಬಂದ ಲೆಕ್ಕ

ವಿಮಾನವೂ ಸೇರಿ ತಲೆಗೆ ಐವತ್ತು ಸಾವಿರದ ಆಸುಪಾಸು. ನಾಲ್ಕೈದು ರಾತ್ರಿ. ಜೊತೆಗೆ ಮೊಟ್ಟೆಯನ್ನೂ ಮುಟ್ಟದ ಅತ್ತೆ, ಮಂಡಿನೋವಿನ ಮಾವ, ಅಕ್ಕ, ಭಾವ, ಅವರ ಮಕ್ಕಳು. "ಅಲ್ಲಿ ನೀರು ಕುಡಿದ್ರೂ ಡಾಲರ್ ಎಣಿಸ್ಬೇಕು ಕಣಮ್ಮ, ಸುಮ್ನೆ ಗೋವಾ ನೋಡ್ಕೊಂಡು ಬರೋಣ" ಅಂತ ಭಾವ ಕೊನೆಯವರೆಗೂ ಹೇಳುತ್ತಲೇ ಇದ್ದರು. ಈಗ ಅವರ ಆಫೀಸಿನವರಿಗೆ ಪ್ಲಾನ್ ಹಾಕಿಕೊಡುವುದೂ ನಾನೇ. ಹಾಗಾಗಿ ಒಂದು ಕಡೆ ಬರೆದಿಟ್ಟುಬಿಡೋಣ ಅನ್ನಿಸಿತು.

ಟಿಕೆಟ್ ಹುಡುಕುವುದು, ರೂಮಿನ ರಿವ್ಯೂ ಓದುವುದು, ಇಮುಗಾ ಅನ್ನುವ ಆನ್‌ಲೈನ್ ಪ್ರಯಾಣಿಕರ ಫಾರಂ ತುಂಬುವುದು ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಿಲ್ಲ. ವೀಸಾ ಇಳಿದ ಮೇಲೆ ಪುಕ್ಕಟೆ ಕೊಡುತ್ತಾರೆ. ಇಮುಗಾ ಕೂಡ ಪುಕ್ಕಟೆಯೇ, ಹೊರಡುವ ಮುಂಚಿನ 96 ಗಂಟೆಯೊಳಗೆ ತುಂಬಬೇಕು. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ತಕ್ಷಣ ಮುಚ್ಚಿಬಿಡಿ.

ನನ್ನ ಪದ್ಧತಿ ಇಷ್ಟೇ. ಎಲ್ಲರೂ ಮೊದಲು ರೂಮು ನೋಡುತ್ತಾರೆ, ನಾನು ಮೊದಲು ಸರ್ಕಾರಿ ಫೆರಿಯ ವೇಳಾಪಟ್ಟಿ ನೋಡುತ್ತೇನೆ. ಫೆರಿಗೆ ತಕ್ಕ ವಿಮಾನ, ವಿಮಾನಕ್ಕೆ ತಕ್ಕ ವಾರ, ಕೊನೆಗೆ ರೂಮು. ರಾಜಧಾನಿ ಮಾಲೆಯ ವಿಲ್ಲಿಂಗಿಲಿ ಟರ್ಮಿನಲ್‌ನಿಂದ ಮಾಫುಶಿ ದ್ವೀಪಕ್ಕೆ ಹೋಗುವ ಫೆರಿ ಮಧ್ಯಾಹ್ನ ಮೂರರ ಹೊತ್ತಿಗೆ ಬಿಡುತ್ತಿತ್ತು, ವಾಪಸ್ ಬರುವುದು ಬೆಳಗ್ಗೆ ಬೇಗ. ಒಂದೂವರೆ ಗಂಟೆ ದಾರಿ, ತಲೆಗೆ ಮೂರು ಡಾಲರ್ ಹತ್ತಿರ. ಅದೇ ದಾರಿಗೆ ಸ್ಪೀಡ್‌ಬೋಟ್ ಅರ್ಧ ಗಂಟೆ, ಇಪ್ಪತ್ತು–ಇಪ್ಪತ್ತೈದು ಡಾಲರ್. ಒಬ್ಬರೇ ಹೋದರೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಏಳೆಂಟು ಜನಕ್ಕೆ ಹೋಗಿಬರುವ ದಾರಿ ಸೇರಿಸಿ ನೋಡಿ, ಒಂದು ಬೆಂಗಳೂರು–ಮಾಲೆ ಟಿಕೆಟ್ಟಿಗಿಂತ ಜಾಸ್ತಿ ಆಗುತ್ತದೆ.

ಶುಕ್ರವಾರ ಈ ಫೆರಿ ಓಡುವುದಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಿಂದೊಮ್ಮೆ ಪ್ಯಾಕೇಜ್ ಮಾಡಿಕೊಟ್ಟವರು ನಮ್ಮನ್ನು ಸರಿಯಾಗಿ ಶುಕ್ರವಾರವೇ ಇಳಿಸಿದ್ದರು. ಮಧ್ಯಾಹ್ನದ ಪ್ರಾರ್ಥನೆಗೆ ಅಂಗಡಿ ಹೋಟೆಲು ಎಲ್ಲ ಮುಚ್ಚಿದ್ದವು, ಫೆರಿ ಇಲ್ಲ, ಮಕ್ಕಳಿಗೆ ಹಸಿವು. ಸ್ಪೀಡ್‌ಬೋಟಿಗೆ ಕೇಳಿದಷ್ಟು ಕೊಟ್ಟೆವು. ಅವತ್ತು ಕೈಬಿಟ್ಟ ಡಾಲರಿನಲ್ಲಿ ಎರಡು ರಾತ್ರಿಯ ರೂಮು ಬರುತ್ತಿತ್ತು. ಈಗ ಭಾನುವಾರದಿಂದ ಬುಧವಾರದೊಳಗೆ ಇಳಿಯುವ ವಿಮಾನ ಮಾತ್ರ ನೋಡುತ್ತೇನೆ, ಶುಕ್ರವಾರ ದ್ವೀಪದಲ್ಲೇ ಕೂತಿರುತ್ತೇನೆ. ಫೆರಿ ಹೊರಡುವ ಹೊತ್ತು ಆಗಾಗ ಬದಲಾಗುತ್ತದೆ, ಫೆರಿ ಓಡಿಸುವ ಸರ್ಕಾರಿ ಕಂಪನಿ ಎಂ.ಟಿ.ಸಿ.ಸಿ.ಯ ಪಟ್ಟಿಯನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಲೇಬೇಕು.

ಫೆರಿಯಲ್ಲಿ ಎ.ಸಿ. ಇಲ್ಲ. ಉದ್ದಕ್ಕೆ ಸೀಟಿನ ಸಾಲು, ಮುಂದಿನ ಭಾಗದಲ್ಲಿ ನಮ್ಮ ಸೂಟ್‌ಕೇಸಿನ ಪಕ್ಕದಲ್ಲೇ ಮೊಟ್ಟೆಯ ಟ್ರೇ, ನೀರಿನ ಕ್ಯಾನು, ಯಾರದೋ ಹೊಸ ಹಾಸಿಗೆ. ಹಿಂಭಾಗದ ನಡುಸೀಟು ಹಿಡಿದರೆ ಕುಲುಕಾಟ ಕಡಿಮೆ. ಮಾವನಿಗೆ ಹತ್ತುವಾಗ ಕೈಹಿಡಿಯಲು ಹುಡುಗರು ತಾವಾಗಿಯೇ ಮುಂದೆ ಬಂದರು. ರೆಸಾರ್ಟಿನ ದೋಣಿಯಲ್ಲಿ ಹೋಗಿದ್ದರೆ ಊರ ಜನರನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲಿತ್ತು?

ಫೆರಿಯ ದುರ್ಬಲ ಜಾಗ ಹವಾಮಾನ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತ, ಅವರು ಹುಳಂಗು ಅನ್ನುತ್ತಾರೆ. ಒಮ್ಮೆ ಆಗಸ್ಟಿನಲ್ಲಿ ಗಾಳಿ ಎದ್ದು ಬೆಳಗಿನ ಫೆರಿ ನಿಂತೇಹೋಯಿತು, ಸಂಜೆಗೆ ನಮ್ಮ ವಿಮಾನ. ಅಲೆ ಸ್ವಲ್ಪ ತಗ್ಗಿದ ಮೇಲೆ ಒಂದು ಸ್ಪೀಡ್‌ಬೋಟ್ ಹೊರಟಿದ್ದರಿಂದ ಬಚಾವ್. ಆ ಅರ್ಧ ಗಂಟೆಯಲ್ಲಿ ಅತ್ತೆ ವಿಷ್ಣು ಸಹಸ್ರನಾಮದ ಅರ್ಧ ಮುಗಿಸಿದ್ದರು. ಅಲ್ಲಿಂದಾಚೆಗೆ ಕೊನೆಯ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಳುಮಾಲೆಯಲ್ಲೇ. 2018ರಲ್ಲಿ ಸಿನಮಾಲೆ ಸೇತುವೆ ಆದ ಮೇಲೆ ಮಾಲೆ, ವಿಮಾನ ನಿಲ್ದಾಣ, ಹುಳುಮಾಲೆ ಮೂರಕ್ಕೂ ರಸ್ತೆ ಇದೆ, ಬಸ್ಸಿಗೆ ಚಿಲ್ಲರೆ ದುಡ್ಡು ಸಾಕು. ಡಿಸೆಂಬರಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ಆದರೆ ರೂಮಿನ ದರ ಏರಿರುತ್ತದೆ. ನನಗೆ ಹೊಂದುವುದು ಏಪ್ರಿಲ್ ಕೊನೆ. ರಂಜಾನ್ ತಿಂಗಳಾದರೆ ಹಗಲಲ್ಲಿ ಊಟದ ಅಂಗಡಿ ಸಿಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ರೂಮಿನ ಲೆಕ್ಕಕ್ಕೆ ಬರೋಣ, ಎಲ್ಲರೂ ಏಟು ತಿನ್ನುವುದು ಇಲ್ಲೇ. 45 ಡಾಲರ್ ಅಂತ ತೋರಿಸುವ ಡಬಲ್ ರೂಮು ತೆಗೆದುಕೊಳ್ಳಿ. ಅದಕ್ಕೆ ಶೇ. 10 ಸರ್ವಿಸ್ ಚಾರ್ಜ್, ಆಗ 49 ಚಿಲ್ಲರೆ. ಅದರ ಮೇಲೆ ಶೇ. 17 ಜಿ.ಎಸ್.ಟಿ., 2025ರ ಜುಲೈಯಿಂದ ಏರಿದ ದರ. 58 ಆಯಿತು. ಇನ್ನು ಗ್ರೀನ್ ಟ್ಯಾಕ್ಸ್, ಸಣ್ಣ ಗೆಸ್ಟ್‌ಹೌಸಿನಲ್ಲಿ ತಲೆಗೆ ದಿನಕ್ಕೆ 6 ಡಾಲರ್, ಇಬ್ಬರಿಗೆ 12. ಹೀಗೆ 45ರ ರೂಮು 70ಕ್ಕೆ ನಿಲ್ಲುತ್ತದೆ. ಒಂದು ಗೆಸ್ಟ್‌ಹೌಸಿನವರು "ಎಲ್ಲ ಸೇರಿ" ಅಂದಿದ್ದು ತಿಂಡಿಯನ್ನು ಮಾತ್ರ ಅಂತ ಗೊತ್ತಾಗಿದ್ದು ಕೊನೆಯ ದಿನ ಬಿಲ್ಲು ಬಂದಾಗ. ಈಗ ನಾನು ಕೇಳುವುದು ಒಂದೇ: ಹೊರಡುವ ದಿನ ಕೌಂಟರಿನಲ್ಲಿ ಒಟ್ಟು ಎಷ್ಟು ಎಣಿಸಬೇಕು, ಬರೆದು ಕಳಿಸಿ. ಬರೆದು ಕೊಡದವರ ರೂಮು ಬೇಡ. ನೇರವಾಗಿ ಮಾತಾಡಿ ಬೆಲೆ ಇಳಿಸಲು ನನ್ನದೊಂದು ಉಪಾಯವಿದೆ, ಅದನ್ನು ಮಾತ್ರ ಬರೆಯುವುದಿಲ್ಲ. ನಾಲ್ಕು ಜನಕ್ಕೆ ಗೊತ್ತಾದರೆ ಅದು ನಡೆಯುವುದೇ ನಿಲ್ಲುತ್ತದೆ.

ಊಟದ ವಿಷಯದಲ್ಲಿ ನನ್ನನ್ನು ನಂಬಿದವರು ಯಾರೂ ಇರಲಿಲ್ಲ. ಅಲ್ಲಿ ಟ್ಯೂನಾ ಇಲ್ಲದ ಪದಾರ್ಥ ಹುಡುಕಬೇಕು. ಚಹಾದ ಅಂಗಡಿಯಲ್ಲಿ ತ್ರಿಕೋನದ ಬಜಿಯಾ ಥೇಟ್ ಸಮೋಸದಂತೆ ಇರುತ್ತದೆ, ಒಳಗೆ ಮೀನು. ಉಂಡೆಯಂಥ ಗುಳ್ಹಾ, ಅದರೊಳಗೂ ಮೀನು. ಆದರೆ ಬೆಳಗಿನ ಮಸ್ ಹುನಿ ಇದೆಯಲ್ಲ, ಅದಕ್ಕೆ ತೆಂಗಿನತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಕೈಯಲ್ಲೇ ಕಿವುಚುತ್ತಾರೆ, ಆಮೇಲೆ ಟ್ಯೂನಾ. ಮಸ್ ಅಂದರೆ ಮೀನು. ಮಾಫುಶಿಯ ಗೆಸ್ಟ್‌ಹೌಸಿನ ಅಡುಗೆಯವನ ಪಕ್ಕದಲ್ಲೇ ನಿಂತು, ಮೀನು ಬೀಳುವ ಮೊದಲೇ ನಮ್ಮ ಪಾಲು ತೆಗೆಸಿ, ಬೇಯಿಸಿದ ಸಿಹಿಕುಂಬಳ ಸೇರಿಸಿಸಿದೆ. ಅಲ್ಲಿಯ ಚಪಾತಿಯಂಥ ಬಿಸಿ ರೋಶಿಯ ಜೊತೆ ಅದು ನಮ್ಮ ಕೋಸಂಬರಿಗೆ ಚಿಕ್ಕಪ್ಪನ ಮಗನಂತಿತ್ತು. ಅತ್ತೆ ಇನ್ನೊಂದು ರೋಶಿ ಕೇಳಿದರು! ಮರುದಿನದಿಂದ ಆತನೇ ನಮಗೆಂದು ಬೇರೆ ಪಾತ್ರೆ ಇಡತೊಡಗಿದ.

ರೂಮಿನ ಕೆಟಲ್ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಸ್ಟೀಲ್ ಡಬ್ಬಿಗೆ ಗೊಜ್ಜವಲಕ್ಕಿ ಮಿಕ್ಸ್ ಹಾಕಿ ಕುದಿನೀರು ಹೊಯ್ದು ಮುಚ್ಚಿದರೆ ಐದು ನಿಮಿಷ, ಪಾಸು. ಹುರಿದ ಸಣ್ಣರವೆಯ ಉಪ್ಪಿಟ್ಟಿನ ಮಿಕ್ಸೂ ಪಾಸು, ಡಬ್ಬಿಗೆ ಟವೆಲ್ ಸುತ್ತಿಡಬೇಕು. ಶ್ಯಾವಿಗೆ ಮುದ್ದೆಯಾಯಿತು. ಚಪಾತಿ ಎರಡನೇ ದಿನಕ್ಕೆ ಬೂಸ್ಟು ಬಂತು, ಅಲ್ಲಿಯ ಶೆಕೆಗೆ ಅದು ನಿಲ್ಲದು. ಪ್ಲಗ್ ಮಾತ್ರ ಚೌಕ ಪಿನ್ನಿನ ಮೂರು ಕಾಲಿನದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಮಾಫುಶಿ ಗದ್ದಲ ಅನ್ನಿಸಿದ್ದಕ್ಕೆ ಎರಡು ರಾತ್ರಿ ತೊಡ್ಡೂಗೆ ತಿರುಗಿಸಿದೆ. ಸ್ಪೀಡ್‌ಬೋಟಿಗೆ ಮೂವತ್ತೈದು ಡಾಲರ್ ಮೇಲೆ ಹೋಯಿತು, ಫೆರಿ ದಿನಾ ಇಲ್ಲ. ಆದರೂ ಈ ಖರ್ಚು ಸಾರ್ಥಕ. ಅದು ರೈತರ ದ್ವೀಪ, ಹೆಜ್ಜೆಹೆಜ್ಜೆಗೂ ಪಪ್ಪಾಯಿ ಮತ್ತು ಕಲ್ಲಂಗಡಿ ಹೊಲ. ಹೊಲದ ಕೃಷಿಕರ ಜೊತೆ ಮಾವ ಕೈಸನ್ನೆಯಲ್ಲೇ ಹನಿ ನೀರಾವರಿಯ ಮಾತಾಡಿದರು. ಯಾರ ಮನೆಯಲ್ಲಿ ಇಳಿದೆವು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ, ಅವರಲ್ಲಿ ಇರುವುದೇ ಕೆಲವೇ ರೂಮು.

ಕಸ್ಟಮ್ಸ್ ಬಗ್ಗೆ ಹಿರಿಯರಿಗೆ ಮೊದಲೇ ಹೇಳಿ. ಪೂಜೆಯ ವಿಗ್ರಹ ತರುವುದಕ್ಕೆ ಅಲ್ಲಿ ನಿಷೇಧವಿದೆ, ಮದ್ಯಕ್ಕೂ ಹಂದಿಮಾಂಸಕ್ಕೂ ಅಷ್ಟೇ. ಅತ್ತೆಯ ಪುಟ್ಟ ಬೆಳ್ಳಿ ಗಣಪನನ್ನು ಪಕ್ಕದ ಮನೆಯವರ ದೇವರ ಕೋಣೆಯಲ್ಲಿ ಕೂರಿಸಿ ಹೊರಟೆವು. ವಾಪಸ್ ಬರುವಾಗ ಹವಳದ ಚೂರು, ಮರಳು ಮಕ್ಕಳ ಜೇಬಿನಲ್ಲಿ ಉಳಿಯದಂತೆ ನೋಡಿ. ಜನವಸತಿಯ ದ್ವೀಪದಲ್ಲಿ ಈಜುಡುಗೆ ಪ್ರವಾಸಿಗರಿಗೆಂದೇ ಬಿಟ್ಟ ಬಿಕಿನಿ ಬೀಚಿಗೆ ಮಾತ್ರ, ನಮ್ಮವರು ಸೀರೆ, ಚೂಡಿದಾರದಲ್ಲೇ ನೀರಿಗಿಳಿದರು.

ಮೂರರ ಫೆರಿಗೆ ಹೊತ್ತಿದ್ದರೆ ಲಗೇಜನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬಿಟ್ಟು ಮಾಲೆಯ ಹುಕುರು ಮಿಸ್ಕಿ ನೋಡಿ ಬನ್ನಿ. 1658ರಲ್ಲಿ ಕಟ್ಟಿದ ಹವಳದ ಕಲ್ಲಿನ ಮಸೀದಿ. ನಮ್ಮ ಹೊಯ್ಸಳ ಕೆತ್ತನೆ ನೋಡಿದ ಕಣ್ಣಿಗೂ ಆ ಗೋಡೆಯ ಮೇಲಿನ ಕುಸುರಿ ಬೆರಗು ಹುಟ್ಟಿಸುತ್ತದೆ. ಲಗೇಜು ವಾಪಸ್ ತರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುಡ್ಡು ಡಾಲರಿನಲ್ಲೇ ಒಯ್ಯಿರಿ, ಒಂದು, ಐದರ ನೋಟು ಹೆಚ್ಚಿರಲಿ. ಫೆರಿಗೆ, ಚಹಾಕ್ಕೆ ಬೇಕಾದಷ್ಟು ಮಾತ್ರ ಅಲ್ಲಿಯ ದುಡ್ಡು ರುಫಿಯಾ ಮಾಡಿಸಿ, ಉಳಿದಿದ್ದನ್ನು ಹೊರಡುವ ಮುಂಚೆ ಖರ್ಚು ಮಾಡಿಬಿಡಿ. ಬೆಂಗಳೂರಲ್ಲಿ ನಾನು ಕೇಳಿದ ಕಡೆ ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ.