ಹಳೆ ಕಾರಿನ ಬ್ಯಾಟರಿ ಲೈಟ್ ಪೂರ್ತಿ ಆರದಿದ್ದರೆ: ನಾನು ದೋಷ ಹುಡುಕಿ ಸರಿಪಡಿಸಿದ್ದು ಹೀಗೆ

ಕಾರು 12 ವೋಲ್ಟಿನದು, ಮೈನಸ್ ಅರ್ತ್ (ಬ್ಯಾಟರಿಯ ಮೈನಸ್ ಕಾರಿನ ಬಾಡಿಗೆ ಸೇರಿದೆ), ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇದೆ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಚೆನ್ನಾಗಿಯೇ ಹತ್ತುತ್ತಿತ್ತು. ಆದರೆ ಎಂಜಿನ್ ಓಡುವಾಗ ಪೂರ್ತಿ ಆರುತ್ತಿರಲಿಲ್ಲ. ಹಗಲಲ್ಲಿ ಗೊತ್ತೇ ಆಗದು, ಕತ್ತಲಲ್ಲಿ ಮಾತ್ರ ಮಂಕಾಗಿ ಕಾಣುತ್ತಿತ್ತು. ವೈಪರ್ ಹಾಕಿ ಬ್ರೇಕ್ ತುಳಿದರೆ ಹೊಳಪು ಒಂದಿಷ್ಟು ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಈ ಏರಿಳಿತವನ್ನು ಗಮನಿಸದೆ ನೇರ ಆಲ್ಟರ್ನೇಟರ್ ಬದಲಾಯಿಸುವವರೇ ಹೆಚ್ಚು. ಹೊಸದು ಹಾಕಿದ ಮೇಲೂ ಲೈಟ್ ಹಾಗೇ ಉರಿಯುತ್ತದೆ.

ಈ ಬಲ್ಬಿನ ಎರಡು ತುದಿಗಳಲ್ಲಿ ಯಾವುದೂ ನೇರವಾಗಿ ಅರ್ತ್‌ಗೆ ಸೇರಿರುವುದಿಲ್ಲ. ಒಂದು ತುದಿಗೆ ಇಗ್ನಿಷನ್ ಕೀ ದಾಟಿ ಬಂದ ಬ್ಯಾಟರಿ ಕರೆಂಟ್, ಇನ್ನೊಂದು ತುದಿ ಆಲ್ಟರ್ನೇಟರಿನ ಡಿ ಪ್ಲಸ್ ಎಂಬ ಟರ್ಮಿನಲ್‌ಗೆ (ಲೂಕಾಸ್ ಕಂಪನಿಯ ಎಸಿಆರ್ ಮಾದರಿಗಳಲ್ಲಿ ಐಎನ್‌ಡಿ ಎಂದಿರುತ್ತದೆ). ಎಂಜಿನ್ ನಿಂತಿದ್ದಾಗ ಡಿ ಪ್ಲಸ್ ಕಡೆ ವೋಲ್ಟೇಜ್ ತೀರಾ ಕಡಿಮೆ, ಬಲ್ಬ್ ಹತ್ತುತ್ತದೆ. ಓಡತೊಡಗಿದ ಮೇಲೆ ಎರಡೂ ಕಡೆ ಸುಮಾರು 14 ವೋಲ್ಟ್ ಬರುತ್ತದೆ. ವ್ಯತ್ಯಾಸವಿಲ್ಲದ ಕಾರಣ ಕರೆಂಟ್ ಹರಿಯದು, ಬಲ್ಬ್ ಆರುತ್ತದೆ. ಹಾಗಾಗಿ ಮಂಕು ಬೆಳಕು ಕಂಡರೆ ಎರಡು ತುದಿಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಉಳಿದಿದೆ ಎಂದರ್ಥ. ಯಾವ ತುದಿ ತಗ್ಗಿದೆ ಎಂಬುದನ್ನು ಮೀಟರ್ ಹೇಳಬೇಕು.

ಎಂಜಿನ್ ಸುಮಾರು 2000 ಆರ್‌ಪಿಎಂನಲ್ಲಿ ಇಟ್ಟು, ವೈಪರ್, ಹೀಟರ್ ಫ್ಯಾನ್, ಬ್ರೇಕ್ ಲೈಟ್ ಮೂರನ್ನೂ ಹಾಕಿ ಅಳೆದೆ. ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟರೆ ಸಾಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಟೈ, ಮೀಟರ್ ವೈರ್ ಯಾವುದೂ ಫ್ಯಾನ್ ಬೆಲ್ಟಿನ ಹತ್ತಿರ ಬರಬಾರದು. ಡಿ ಪ್ಲಸ್‌ನಲ್ಲಿ 14.2, ಬ್ಯಾಟರಿಯ ಮೇಲೆ 14.0, ಬಲ್ಬಿನ ಇಗ್ನಿಷನ್ ತುದಿಯಲ್ಲಿ 12.4. ಅಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಬ್ಯಾಟರಿಯಿಂದ ಬಲ್ಬಿಗೆ ಬರುವ ದಾರಿಯಲ್ಲಿ 1.6 ವೋಲ್ಟ್ ಕಳೆದುಹೋಗುತ್ತಿದೆ. ಡಿ ಪ್ಲಸ್‌ನಿಂದ ಬಲ್ಬಿನ ಮೂಲಕ ಹಿಮ್ಮುಖವಾಗಿ ಹರಿಯುವ ಕರೆಂಟೇ ಆ ಮಂಕು ಬೆಳಕು.

ಇಲ್ಲಿ ಓಮ್ ಅಳೆಯುವುದರಿಂದ, ಮೀಟರಿನ ಬೀಪ್ ಕೇಳುವುದರಿಂದ ಪ್ರಯೋಜನವಿಲ್ಲ. ವೈಪರ್, ಫ್ಯಾನ್, ಬ್ರೇಕ್ ಲೈಟ್‌ಗಳ ಕರೆಂಟೂ ಬಲ್ಬಿನ ಈ ದಾರಿಯಲ್ಲೇ ಬರುತ್ತದೆ. ಸುಮಾರು 10 ಆಂಪಿಯರ್ ಹರಿಯುವ ದಾರಿಯಲ್ಲಿ 0.16 ಓಮ್ ಇದ್ದರೆ ಸಾಕು, 1.6 ವೋಲ್ಟ್ ಹೋಯಿತು. ಸಾಮಾನ್ಯ ಮೀಟರಿನ ಪ್ರೋಬ್ ವೈರ್‌ಗಳೇ ಅಷ್ಟು ಓಮ್ ತೋರಿಸುತ್ತವೆ. ಲೋಡ್ ಹಾಕಿಯೇ ವೋಲ್ಟೇಜ್ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್) ಅಳೆಯಬೇಕು: ಮೀಟರಿನ ಕೆಂಪು ಪ್ರೋಬ್ ಬ್ಯಾಟರಿ ಪ್ಲಸ್‌ನಲ್ಲೇ ಇರಲಿ, ಕಪ್ಪು ಪ್ರೋಬನ್ನು ಒಂದೊಂದೇ ಜಾಯಿಂಟ್‌ಗೆ ಮುಟ್ಟಿಸುತ್ತಾ ಮುಂದೆ ಹೋಗಿ. ಇಗ್ನಿಷನ್ ಸ್ವಿಚ್ ದಾಟಿದ ಮೇಲೆ 0.2. ಫ್ಯೂಸಿನ ಮೇಲೂ 0.2 ದಾಟಲಿಲ್ಲ. ಫ್ಯೂಸ್ ಬಾಕ್ಸಿನಿಂದ ವೈರ್ ಹೊರಡುವ ಸ್ಪೇಡ್ ಟರ್ಮಿನಲ್‌ಗೆ ಮುಟ್ಟಿಸಿದಾಗ ಒಮ್ಮೆಲೇ 1.5.

ದೋಷ ಇದ್ದದ್ದು ಫ್ಯೂಸ್ ಹಿಡಿದಿಡುವ ಕ್ಲಿಪ್ಪನ್ನೂ ಹಿಂದಿನ ಟರ್ಮಿನಲನ್ನೂ ಸೇರಿಸುವ ರಿವೆಟ್‌ನಲ್ಲಿ. ಮುಂಭಾಗದಿಂದ ನೋಡಿದರೆ ಕ್ಲಿಪ್ ಹೊಳೆಯುತ್ತಿತ್ತು. ಬಾಕ್ಸ್ ಬಿಚ್ಚಿ ತಿರುಗಿಸಿದರೆ ರಿವೆಟ್ಟಿನ ಬುಡದಲ್ಲಿ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. 1.3 ವೋಲ್ಟ್, 10 ಆಂಪಿಯರ್ ಎಂದರೆ ಆ ಒಂದು ಚುಕ್ಕೆಯಲ್ಲಿ 13 ವ್ಯಾಟ್ ಶಾಖ. ಇದನ್ನು ಹಾಗೇ ಬಿಟ್ಟರೆ ಬಾಕ್ಸೇ ಕರಗುತ್ತದೆ. ಲೈಟಿನ ಚಿಂತೆಗಿಂತ ಇದು ದೊಡ್ಡದು.

ಎಂಜಿನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕಳಚಿ ಕೆಲಸ ಶುರು ಮಾಡಿದೆ. ಎಂಜಿನ್ ಓಡುವಾಗ ಬ್ಯಾಟರಿ ಕಳಚಲೇಬಾರದು, ಆಲ್ಟರ್ನೇಟರಿನ ಡಯೋಡ್ ಹೋಗುತ್ತದೆ. ಕಿಲುಬನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದೆ. ರಿವೆಟ್ಟಿನ ತಲೆಯನ್ನು ಕಬ್ಬಿಣದ ತುಂಡಿನ ಮೇಲಿಟ್ಟು, ಇನ್ನೊಂದು ತುದಿಗೆ ಪಂಚ್ ಹಿಡಿದು ಹಗುರವಾಗಿ ಬಡಿದು ಬಿಗಿ ಮಾಡಿದೆ. ಆಮೇಲೆ ಫ್ಲಕ್ಸ್ ಹಚ್ಚಿ 100 ವ್ಯಾಟಿನ ಐರನ್‌ನಿಂದ ರಿವೆಟ್ಟನ್ನೂ ಟರ್ಮಿನಲನ್ನೂ ಸೇರಿಸಿ ಸಾಲ್ಡರ್ ಹಾಕಿದೆ. ಇಲ್ಲಿ 25 ವ್ಯಾಟಿನದು ಕೆಟ್ಟ ಆಯ್ಕೆ: ಲೋಹ ಕಾಯುವಷ್ಟರಲ್ಲಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ದೊಡ್ಡ ಐರನ್ ಇಟ್ಟು ಬೇಗ ಮುಗಿಸಬೇಕು. ಸಡಿಲವಾಗಿದ್ದ ಕ್ಲಿಪ್‌ಗಳನ್ನು ಒಳಕ್ಕೆ ಬಗ್ಗಿಸಿ, ಹೊಸ ಫ್ಯೂಸ್‌ಗಳನ್ನು ಮೊದಲಿನಷ್ಟೇ ಆಂಪಿಯರಿನವನ್ನು ಹಾಕಿದೆ. ಮತ್ತೆ ಅದೇ ಲೋಡ್‌ನಲ್ಲಿ ಅಳೆದಾಗ ಒಟ್ಟು ಡ್ರಾಪ್ 0.4ಕ್ಕೆ ಇಳಿದಿತ್ತು. ಕತ್ತಲಲ್ಲೂ ಬಲ್ಬ್ ಪೂರ್ತಿ ಆರಿತು.

ನಿಮ್ಮ ಕಾರಿನಲ್ಲಿ ಈ ಲೈಟಿಗೆ ಫ್ಯೂಸ್ ದಾಟದೆ ಸ್ವಿಚ್‌ನಿಂದಲೇ ಕರೆಂಟ್ ಬರುತ್ತಿರಬಹುದು, ವೈರಿಂಗ್ ನಕ್ಷೆ ನೋಡಿ; ಆಗ ಅನುಮಾನ ಸ್ವಿಚ್ ಮೇಲೆ. ಡಿ ಪ್ಲಸ್‌ಗೂ ಆಲ್ಟರ್ನೇಟರಿನ ಬಿ ಪ್ಲಸ್‌ಗೂ (ಬ್ಯಾಟರಿಗೆ ಹೋಗುವ ದಪ್ಪ ವೈರಿನ ಟರ್ಮಿನಲ್) ನಡುವೆಯೇ ದೊಡ್ಡ ವ್ಯತ್ಯಾಸವಿದ್ದರೆ ಡಯೋಡ್ ಕೆಟ್ಟಿದೆ. ಕೀ ತೆಗೆದ ಮೇಲೂ ಲೈಟ್ ಉರಿದರೆ ಅದೂ ಡಯೋಡ್ ಶಾರ್ಟ್, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಬಹುದು. ಓಡುವಾಗ ಪೂರ್ಣ ಹೊಳಪಿನಲ್ಲಿ ಹತ್ತಿದರೆ ಕೂಡಲೇ ನಿಲ್ಲಿಸಿ ಬೆಲ್ಟ್ ನೋಡಿ, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಕೀ ಹಾಕಿದಾಗ ಲೈಟ್ ಹತ್ತದೇ ಇದ್ದರೆ ಡಿ ಪ್ಲಸ್ ವೈರ್ ಕಳಚಿ ಅರ್ತ್‌ಗೆ ಮುಟ್ಟಿಸಿ: ಹತ್ತಿತೆಂದರೆ ಬಲ್ಬ್, ವೈರ್ ಸರಿ ಇವೆ, ಕಾರ್ಬನ್ ಬ್ರಷ್ ಸವೆದಿರಬಹುದು ಅಥವಾ ರೆಗ್ಯುಲೇಟರ್ ಕೆಟ್ಟಿರಬಹುದು.

ಬಲ್ಬ್ ಬದಲಾಯಿಸುವುದಿದ್ದರೆ ಮೂಲದಲ್ಲಿದ್ದ ವ್ಯಾಟೇಜ್‌ನದನ್ನೇ ಹಾಕಿ. ಅನೇಕ ಹಳೆ ಕಾರುಗಳಲ್ಲಿ ಅದು 2.2 ವ್ಯಾಟ್, ಸುಮಾರು 0.18 ಆಂಪಿಯರ್, ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟ್ ಈ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಹಾಕಿದರೆ ಅಷ್ಟು ಹರಿಯದು, ಜೋರಾಗಿ ರೇಸ್ ಮಾಡುವವರೆಗೆ ಚಾರ್ಜಿಂಗ್ ಶುರುವಾಗದೇ ಇರಬಹುದು. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಪ್ಯಾರಲಲ್ ಆಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೊಡಿ. ಅದು ಬಿಸಿಯಾಗುತ್ತದೆ, ವೈರ್‌ಗಳಿಗೆ ತಾಗದಂತೆ ಲೋಹದ ಭಾಗದ ಮೇಲೆ ಕೂರಿಸಿ.