ಸಾಫ್ಟ್‌ವೇರ್ ಅಪ್‌ಡೇಟ್ ನಂತರ ಟೈರ್ ಒತ್ತಡದ ದೀಪ ಹತ್ತಿಕೊಂಡರೆ: ಹಳೆಯ ವಿದ್ಯುತ್ ಕಾರುಗಳ ಮಾಲೀಕರಿಗೆ ಒಂದು ಕೈಪಿಡಿ

ರಾತ್ರಿ ಕಾರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡು, ಬೆಳಿಗ್ಗೆ ಹೊರಟ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಟೈರ್ ಒತ್ತಡದ ಹಳದಿ ದೀಪ ಕಾಣಿಸಿಕೊಂಡರೆ, ತಪ್ಪು ಸಾಫ್ಟ್‌ವೇರಿನದೇ ಎಂದು ಅನಿಸುವುದು ಸಹಜ. ಐದಾರು ವರ್ಷ ದಾಟಿದ ಕಾರುಗಳ ಮಟ್ಟಿಗೆ ಈ ಊಹೆ ಒಮ್ಮೊಮ್ಮೆ ಸರಿಯಿರುತ್ತದೆ. ಆದರೆ ಚಕ್ರದೊಳಗೆ ಮೊದಲೇ ಇದ್ದ ದೋಷವೊಂದು ಅದೇ ಹೊತ್ತಿಗೆ ಹೊರಗೆ ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕದೆ ಸಾಫ್ಟ್‌ವೇರನ್ನು ದೂರಬಾರದು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬ ಕ್ರಮವನ್ನು ಪಾಲಿಸಿದರೆ ಸರ್ವಿಸ್ ಸೆಂಟರಿನ ಅನಗತ್ಯ ಓಡಾಟ ಮತ್ತು ಖರ್ಚು ಎರಡೂ ಉಳಿಯುತ್ತವೆ.

ಮೊದಲ ಕೆಲಸ ಕೈ ಗೇಜಿನದು. ಕಾರು ಕನಿಷ್ಠ ಮೂರು ಗಂಟೆ ನಿಂತು ಟೈರುಗಳು ತಣ್ಣಗಾದ ಮೇಲೆ ನಾಲ್ಕೂ ಚಕ್ರಗಳ ಒತ್ತಡವನ್ನು ಅಳೆದು ಬರೆದಿಟ್ಟುಕೊಳ್ಳಿ. ಹೋಲಿಸಬೇಕಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಆ ಟೈರಿನ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ರೀಸೆಟ್ ಮಾಡುವುದು ಅಪಾಯಕರ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಅಪ್‌ಡೇಟ್‌ಗಳು ಹೆಚ್ಚಾಗಿ ರಾತ್ರಿ ಹೊತ್ತು ನಡೆಯುವುದರಿಂದ ಮರುದಿನದ ಮೊದಲ ಓಟ ದಿನದ ಅತ್ಯಂತ ತಂಪಾದ ಹೊತ್ತಿನಲ್ಲಿ ಆಗುತ್ತದೆ ಎಂಬುದನ್ನು ಗಮನಿಸಬೇಕು. ಸಂಜೆ 30 ಡಿಗ್ರಿಯಲ್ಲಿ 36 ಪಿಎಸ್‌ಐ ಇದ್ದ ಟೈರು 18 ಡಿಗ್ರಿಯ ಬೆಳಗಿನಲ್ಲಿ, ಒಂದಿಷ್ಟೂ ಗಾಳಿ ಸೋರದೆ, 34ಕ್ಕೆ ಇಳಿಯುತ್ತದೆ. ಅಮೆರಿಕದ ನಿಯಮದ ಪ್ರಕಾರ ಒತ್ತಡವು ಶಿಫಾರಸಿಗಿಂತ ಶೇ. 25ರಷ್ಟು ಕಡಿಮೆಯಾದಾಗ ದೀಪ ಹತ್ತಲೇಬೇಕು. 36ರ ಕಾರಿಗೆ ಆ ಮಿತಿ 27. ಆದ್ದರಿಂದ ಸರಿಯಾಗಿ ಗಾಳಿ ತುಂಬಿದ ಟೈರು ಬರಿಯ ಚಳಿಗೆ ದೀಪ ಹತ್ತಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ಯಾರೂ ನೋಡದೆ 28ಕ್ಕೆ ಇಳಿದಿದ್ದ ಟೈರು ಅದೇ ಚಳಿಗೆ 26ರ ಆಸುಪಾಸಿಗೆ ಬಂದು ದೀಪ ಹತ್ತಿಸುತ್ತದೆ. ಅಲ್ಲಿ ಅಪ್‌ಡೇಟಿನ ಪಾತ್ರ ಏನೂ ಇಲ್ಲ.

ಗೇಜಿಗೂ ಕಾರಿನ ತೆರೆಗೂ ಒಂದೆರಡು ಪಿಎಸ್‌ಐ ವ್ಯತ್ಯಾಸ ಕಂಡರೆ ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಚಕ್ರದೊಳಗಿನ ಸೆನ್ಸರ್ ಸಾಮಾನ್ಯವಾಗಿ ಒಟ್ಟು ಒತ್ತಡವನ್ನು ಅಳೆಯುತ್ತದೆ. ಅದರಿಂದ ಹೊರಗಿನ ವಾತಾವರಣದ ಒತ್ತಡವನ್ನು ಕಳೆದ ಮೇಲೆ ನಮಗೆ ಕಾಣುವ ಅಂಕಿ ಸಿಗುತ್ತದೆ. ಈ ಕಳೆಯುವ ಅಂಕಿಯನ್ನು ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ಸ್ಥಿರವಾಗಿ ಇಟ್ಟಿರುವ ಕಾರು ಮಂಗಳೂರಿನಲ್ಲಿ ಗೇಜಿಗೆ ಸರಿಹೊಂದುವ ಅಂಕಿಯನ್ನೇ ತೋರಿಸುತ್ತದೆ. ಶಿರಾಡಿ ಘಾಟಿ ಹತ್ತಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಗೇಜಿಗಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಇಂತಹ ವ್ಯತ್ಯಾಸ ನಾಲ್ಕೂ ಚಕ್ರಗಳಲ್ಲಿ ಒಂದೇ ಅಳತೆಯಲ್ಲಿ ಇರುತ್ತದೆ. ಒಂದೇ ಚಕ್ರದಲ್ಲಿ ಮಾತ್ರ ದೊಡ್ಡ ಅಂತರವಿದ್ದರೆ ಆಗ ಆ ಸೆನ್ಸರನ್ನು ಅನುಮಾನಿಸಬಹುದು.

ದೀಪ ಹೇಗೆ ಹತ್ತುತ್ತದೆ ಎಂಬುದನ್ನು ನೋಡಿ

ಒತ್ತಡ ಸರಿಯಿದ್ದೂ ದೀಪ ಆರದಿದ್ದರೆ, ಕಾರನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿ, ದೀಪದ ನಡವಳಿಕೆಯನ್ನು ಎರಡು ನಿಮಿಷ ನೋಡಿ. ಮೊದಲಿನಿಂದಲೇ ಸ್ಥಿರವಾಗಿ ಉರಿದರೆ ಕಾರು ಹೇಳುತ್ತಿರುವುದು ಗಾಳಿ ಕಡಿಮೆ ಎಂದು. ಒಂದರಿಂದ ಒಂದೂವರೆ ನಿಮಿಷ ಮಿನುಗಿ ಆಮೇಲೆ ಸ್ಥಿರವಾದರೆ, ಒತ್ತಡ ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ ಎಂದು ಅರ್ಥ. ಒಂದೇ ದೀಪದಿಂದ ಎರಡೂ ಸಂಗತಿಗಳನ್ನು ಹೇಳುವ ಕಾರುಗಳಿಗೆ ಅಮೆರಿಕದ ನಿಯಮ ಈ ಮಿನುಗುವಿಕೆಯನ್ನು ಕಡ್ಡಾಯ ಮಾಡಿದೆ, ಬೇರೆ ಮಾರುಕಟ್ಟೆಗಳ ಕಾರುಗಳಲ್ಲೂ ಇದೇ ರೂಢಿ ಕಾಣುತ್ತದೆ. ಮೆಕ್ಯಾನಿಕ್ ಬಳಿ ಹೋದಾಗ ‘ದೀಪ ಹತ್ತಿದೆ’ ಎನ್ನುವುದಕ್ಕಿಂತ ‘ಮಿನುಗಿ ನಿಂತಿತು’ ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ತೆರೆಯ ಮೇಲೆ ಅಂಕಿಯ ಬದಲು ಗೀಟುಗಳು ಮಾತ್ರ ಕಂಡರೆ ಆತುರಪಡಬೇಡಿ. ಬ್ಯಾಟರಿ ಉಳಿಸುವುದಕ್ಕಾಗಿ ಸೆನ್ಸರ್‌ಗಳು ನಿಂತ ಕಾರಿನಲ್ಲಿ ಬಹುಪಾಲು ಸಮಯ ನಿದ್ರಿಸುತ್ತವೆ. ಚಕ್ರ ಒಂದು ವೇಗ ಮುಟ್ಟಿದ ಮೇಲೆ ಎಚ್ಚೆತ್ತು ಸಂಕೇತ ಕಳುಹಿಸತೊಡಗುತ್ತವೆ. ಅಪ್‌ಡೇಟ್ ಮುಗಿಸಿ ಕಂಪ್ಯೂಟರ್ ಹೊಸದಾಗಿ ಶುರುವಾದಾಗ ಅದರ ಬಳಿ ಹಿಂದಿನ ಅಂಕಿಗಳು ಇರದಿರಬಹುದು. ಗಂಟೆಗೆ 25 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ, ಸಿಗ್ನಲ್‌ಗಳ ಕಾಟವಿಲ್ಲದ ರಸ್ತೆಯಲ್ಲಿ, ಹತ್ತು ಹದಿನೈದು ನಿಮಿಷ ನಿಲ್ಲಿಸದೆ ಓಡಿಸಿ ನೋಡಿ. ಬೆಂಗಳೂರಿನ ಬೆಳಗಿನ ದಟ್ಟಣೆಯಲ್ಲಿ ಒಂದು ಗಂಟೆ ತೆವಳಿದರೂ ಇದಕ್ಕೆ ಸಮನಾಗುವುದಿಲ್ಲ.

ಒಂದು ಚಕ್ರವೋ, ನಾಲ್ಕೂ ಚಕ್ರಗಳೋ?

ನನ್ನ ಅಭಿಪ್ರಾಯದಲ್ಲಿ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಒಂದೇ ಚಕ್ರದ ಅಂಕಿ ಕಾಣೆಯಾಗಿದ್ದರೆ ಕಾರಿನ ರಿಸೀವರ್ ಮತ್ತು ಸಾಫ್ಟ್‌ವೇರ್ ಉಳಿದ ಮೂರನ್ನು ಕೇಳಿಸಿಕೊಳ್ಳುತ್ತಿವೆ ಎಂದಾಯಿತು. ದೋಷ ಹೆಚ್ಚುಕಡಿಮೆ ಆ ಸೆನ್ಸರಿನದೇ. ನಾಲ್ಕೂ ಒಟ್ಟಿಗೆ ಕಾಣೆಯಾಗಿದ್ದರೆ ನಾಲ್ಕು ಸೆನ್ಸರ್‌ಗಳು ಒಂದೇ ರಾತ್ರಿ ಸತ್ತವು ಎಂದು ನಂಬುವುದು ಕಷ್ಟ. ಆಗ ರಿಸೀವರ್, ಅಳಿಸಿಹೋದ ಸೆನ್ಸರ್ ಗುರುತಿನ ಪಟ್ಟಿ, ಇಲ್ಲವೇ ಸ್ವತಃ ಅಪ್‌ಡೇಟನ್ನು ಅನುಮಾನಿಸುವುದು ನ್ಯಾಯ. ಡ್ಯಾಶ್‌ಕ್ಯಾಮ್ ಅಥವಾ ಅಗ್ಗದ ಯುಎಸ್‌ಬಿ ಚಾರ್ಜರ್ ಹೊರಡಿಸುವ ರೇಡಿಯೊ ಗದ್ದಲವೂ ಸಂಕೇತವನ್ನು ಮುಚ್ಚಿಹಾಕಬಲ್ಲದು, ಅವುಗಳನ್ನು ಕಿತ್ತಿಟ್ಟು ಒಮ್ಮೆ ಓಡಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ನಾಲ್ಕೂ ಮಾಯವಾಗಿ, ಜೊತೆಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಪಾರ್ಕಿಂಗ್ ಬ್ರೇಕ್ ಹೀಗೆ ಪರಸ್ಪರ ಸಂಬಂಧವಿಲ್ಲದ ಎಚ್ಚರಿಕೆಗಳೂ ಬಂದಿದ್ದರೆ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷಿಸಿ. ವಿದ್ಯುತ್ ಕಾರಿನಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇದ್ದರೂ ಕಂಪ್ಯೂಟರುಗಳಿಗೆ ಶಕ್ತಿ ಹೋಗುವುದು ಈ ಸಣ್ಣ ಬ್ಯಾಟರಿಯ ಮೂಲಕ, ಮತ್ತು ಅಪ್‌ಡೇಟ್ ನಡೆಯುವಾಗ ಹಲವು ಮಾಡ್ಯೂಲ್‌ಗಳು ಎಚ್ಚರವಿದ್ದು ಅದನ್ನು ಹೀರುತ್ತವೆ. ಹಳೆಯ ಸೀಸ–ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ಆಸುಪಾಸಿನ ಬದಲು 12.2ಕ್ಕಿಂತ ಕೆಳಗೆ ತೋರಿಸಿದರೆ ಅದನ್ನು ಸರಿಪಡಿಸದೆ ಟೈರ್ ಸೆನ್ಸರ್ ಬೆನ್ನುಹತ್ತುವುದು ವ್ಯರ್ಥ.

ಸಾಫ್ಟ್‌ವೇರ್ ನಿಜಕ್ಕೂ ತಪ್ಪು ಮಾಡಿದ ಉದಾಹರಣೆಗಳೂ ಇವೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 7 ಲಕ್ಷ ಕಾರುಗಳಿಗೆ ರೀಕಾಲ್ ಘೋಷಿಸಿತು. 2017ರಿಂದೀಚಿನ ಮಾಡೆಲ್ 3, 2020ರಿಂದೀಚಿನ ಮಾಡೆಲ್ ವೈ ಮತ್ತು 2024ರ ಸೈಬರ್‌ಟ್ರಕ್ ಅದರಲ್ಲಿ ಸೇರಿದ್ದವು. ಒತ್ತಡದ ಎಚ್ಚರಿಕೆ ದೀಪ ಒಂದು ಓಟದಿಂದ ಮುಂದಿನ ಓಟಕ್ಕೆ ಉಳಿಯದೆ ಆರಿಹೋಗಬಹುದು ಎಂಬುದು ದೋಷ, ದೂರದಿಂದಲೇ ಕಳುಹಿಸಿದ ಅಪ್‌ಡೇಟ್ ಪರಿಹಾರ. ಇದರಿಂದ ಒಂದು ಸೂಕ್ಷ್ಮವನ್ನು ತಿಳಿಯಬಹುದು. ಇಂತಹ ತಿದ್ದುಪಡಿ ಬಂದ ಮೇಲೆ ಮೊದಲು ಆರಿಹೋಗುತ್ತಿದ್ದ ದೀಪ ಆರದೆ ಉಳಿದರೆ ಅದು ಹೊಸ ದೋಷವಾಗಿರಬೇಕಾಗಿಲ್ಲ, ಹಳೆಯ ದೋಷ ಮರೆಯಿಂದ ಹೊರಬಂದಿರಬಹುದು.

ಸೆನ್ಸರಿನ ಆಯುಸ್ಸು

ಚಕ್ರದೊಳಗಿನ ಸೆನ್ಸರಿಗೆ ಒಂದು ಪುಟ್ಟ ಲಿಥಿಯಂ ಬ್ಯಾಟರಿ ಇರುತ್ತದೆ. ಅದರ ಬಾಳಿಕೆ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. 2019ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕೋನಾ, 2020ರ ಎಂಜಿ ಜಡ್‌ಎಸ್ ಇವಿ ಮೊದಲಾದವುಗಳ ಮೂಲ ಸೆನ್ಸರ್‌ಗಳು ಈಗ ಆ ವಯಸ್ಸಿನ ಹೊಸ್ತಿಲಲ್ಲಿವೆ. ವಿದೇಶಗಳಲ್ಲಿ ಓಡುತ್ತಿರುವ ಆರಂಭದ ನಿಸಾನ್ ಲೀಫ್ ಮತ್ತು ಟೆಸ್ಲಾ ಮಾಡೆಲ್ ಎಸ್ ಕಾರುಗಳದು ಎಂದೋ ದಾಟಿದೆ. ಬ್ಯಾಟರಿ ಮುಗಿಯುತ್ತಿರುವ ಸೆನ್ಸರ್ ತಂಪಾದ ಬೆಳಗಿನಲ್ಲಿ ಮೌನವಾಗಿದ್ದು, ಟೈರು ಬಿಸಿಯಾದ ಮೇಲೆ ಮತ್ತೆ ಮಾತನಾಡುತ್ತದೆ; ಈ ಲಕ್ಷಣ ಕಂಡರೆ ಸಾಫ್ಟ್‌ವೇರಿನ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಸಾಮಾನ್ಯವಾಗಿ ಬ್ಯಾಟರಿಯನ್ನು ರಾಳದಲ್ಲಿ ಮುಚ್ಚಿರುವುದರಿಂದ ಇಡೀ ಸೆನ್ಸರನ್ನೇ ಬದಲಿಸಬೇಕಾಗುತ್ತದೆ. ನಾಲ್ಕರ ವಯಸ್ಸೂ ಒಂದೇ ಆದ್ದರಿಂದ, ಹೊಸ ಟೈರು ಹಾಕಿಸುವಾಗಲೇ ನಾಲ್ಕನ್ನೂ ಬದಲಿಸಿದರೆ ಕೂಲಿ ಒಂದೇ ಸಲ ಕೊಟ್ಟರೆ ಸಾಕು.

ಕೊಳ್ಳುವಾಗ ಆಕಾರ ಹೊಂದಿದರೆ ಸಾಲದು. ಸೆನ್ಸರ್‌ಗಳು 433 ಅಥವಾ 315 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುತ್ತವೆ, ಕೆಲವು ಹೊಸ ಕಾರುಗಳದು ಬ್ಲೂಟೂತ್. ಟೆಸ್ಲಾ ಮಾಡೆಲ್ 3 2021ರ ಸುಮಾರಿಗೆ ಬ್ಲೂಟೂತ್‌ಗೆ ಬದಲಾಯಿತು. ಹೊಸ ಕಾರಿನ ಚಕ್ರಗಳನ್ನು ಅದಕ್ಕಿಂತ ಹಳೆಯ ಕಾರಿಗೆ ಹಾಕಿದರೆ ಎಷ್ಟು ರೀಸೆಟ್ ಮಾಡಿದರೂ ಅಂಕಿ ಬಾರದು. ಹೊಸ ಸೆನ್ಸರಿನ ಗುರುತಿನ ಸಂಖ್ಯೆಯನ್ನು ಕೆಲವು ಕಾರುಗಳು ಓಡುತ್ತಲೇ ಕಲಿಯುತ್ತವೆ. ಇನ್ನು ಕೆಲವಕ್ಕೆ ಚಕ್ರದ ಪಕ್ಕ ಹಿಡಿಯುವ ಉಪಕರಣವೊಂದರಿಂದ ಸೆನ್ಸರನ್ನು ಎಬ್ಬಿಸಿ ಒಂದೊಂದಾಗಿ ದಾಖಲಿಸಬೇಕು.

ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುವ ಮೊದಲೇ ‘ಒಳಗೆ ಸೆನ್ಸರ್ ಇದೆ’ ಎಂದು ಹೇಳಿಬಿಡಿ. ವಾಲ್ವ್ ಇರುವ ಜಾಗದಲ್ಲೇ ಯಂತ್ರದಿಂದ ಒತ್ತಿದರೆ ಸೆನ್ಸರ್ ಮುರಿಯುತ್ತದೆ. ಬಾಟಲಿಯಿಂದ ಸುರಿಯುವ ಪಂಕ್ಚರ್ ಅಂಟು ಸೆನ್ಸರಿನ ಸೂಕ್ಷ್ಮ ರಂಧ್ರವನ್ನು ಮುಚ್ಚಬಹುದು. ಅಲ್ಯೂಮಿನಿಯಂ ವಾಲ್ವ್‌ಗೆ ಹಿತ್ತಾಳೆಯ ಪಿನ್ ಹಾಕಿಸದೆ ನಿಕಲ್ ಲೇಪಿತ ಪಿನ್ ಹಾಕಿಸಿ. ಇಲ್ಲವಾದರೆ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ, ಎರಡು ಲೋಹಗಳು ತುಕ್ಕಿನಿಂದ ಕಚ್ಚಿಕೊಂಡು ಮುಂದೆ ಗಾಳಿ ತುಂಬಲು ಹೋದಾಗ ವಾಲ್ವ್ ತುಂಡಾಗುತ್ತದೆ.

ರೀಸೆಟ್ ಯಾವಾಗ?

ಚಕ್ರದೊಳಗೆ ಸೆನ್ಸರೇ ಇಲ್ಲದ ಕಾರುಗಳೂ ಇವೆ. ಗಾಳಿ ಇಳಿದ ಟೈರು ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ ಎಂಬುದನ್ನು ಎಬಿಎಸ್‌ನ ವೇಗ ಸೆನ್ಸರ್‌ಗಳಿಂದ ಕಂಡುಕೊಂಡು ಅವು ದೀಪ ಹತ್ತಿಸುತ್ತವೆ. ಇಂತಹ ಕಾರಿನಲ್ಲಿ ಬ್ರೇಕ್ ಮಾಡ್ಯೂಲಿನ ಅಪ್‌ಡೇಟ್ ಆದರೆ ಕಲಿತಿಟ್ಟ ಅಳತೆ ಅಳಿಸಿಹೋಗಬಹುದು, ಮರುಕಲಿಕೆಯಿಂದ ಸರಿಯಾಗುತ್ತದೆ. ಆದರೆ ರೀಸೆಟ್ ಒತ್ತಿದ ಕ್ಷಣದಲ್ಲಿ ಟೈರಿನಲ್ಲಿ ಎಷ್ಟು ಗಾಳಿ ಇದೆಯೋ ಅದನ್ನೇ ಕಾರು ‘ಸರಿ’ ಎಂದು ನೆನಪಿಟ್ಟುಕೊಳ್ಳುತ್ತದೆ. 28 ಪಿಎಸ್‌ಐ ಇರುವಾಗ ರೀಸೆಟ್ ಮಾಡಿದರೆ ದೀಪ ಆರುತ್ತದೆ, ಅಪಾಯ ಉಳಿಯುತ್ತದೆ. ಗೇಜಿನಿಂದ ಅಳೆದು, ಚೀಟಿಯಲ್ಲಿರುವಷ್ಟು ತುಂಬಿಸಿ, ಆಮೇಲಷ್ಟೇ ಆ ಗುಂಡಿ ಒತ್ತಿ.

ಭಾರತದಲ್ಲಿ 2020ರ ತಿದ್ದುಪಡಿಯ ನಂತರ, ಒತ್ತಡ ಎಚ್ಚರಿಕೆ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಈ ದೀಪವನ್ನು ನಿರ್ಲಕ್ಷಿಸಿ ತಿಂಗಳುಗಟ್ಟಲೆ ಓಡಿಸಬೇಡಿ. ಭಾರವಾದ ವಿದ್ಯುತ್ ಕಾರಿನಲ್ಲಿ ಕಡಿಮೆ ಗಾಳಿಯ ಟೈರು ಹೆದ್ದಾರಿಯ ವೇಗಕ್ಕೆ ಬೇಗ ಬಿಸಿಯೇರುತ್ತದೆ.

ಇಷ್ಟಾದ ಮೇಲೂ ಸರ್ವಿಸ್ ಸೆಂಟರಿಗೆ ಹೋಗಬೇಕಾಗಿ ಬಂದರೆ, ಅಪ್‌ಡೇಟಿನ ಆವೃತ್ತಿ ಮತ್ತು ದಿನಾಂಕ, ಟೈರು ತಣ್ಣಗಿದ್ದಾಗಿನ ಗೇಜಿನ ಅಂಕಿಗಳು, ತೆರೆಯ ಫೋಟೊ, ದೀಪ ಮಿನುಗುವ ವಿಡಿಯೊ ಇವುಗಳನ್ನು ಜೊತೆಗೆ ಒಯ್ಯಿರಿ. ನಾಲ್ಕೂ ಸೆನ್ಸರ್‌ಗಳ ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ ಮತ್ತು ಬ್ಯಾಟರಿ ಸ್ಥಿತಿಯನ್ನು ಸ್ಕ್ಯಾನರಿನಲ್ಲಿ ಓದಿ ತೋರಿಸುವಂತೆ ಕೇಳಿ, ಮತ್ತು ಆ ಓದು ನಿಮ್ಮ ಕಣ್ಣೆದುರು ಆಗುವವರೆಗೆ ಎರರ್ ಕೋಡ್‌ಗಳನ್ನು ಅಳಿಸಲು ಒಪ್ಪಬೇಡಿ. ದುರಸ್ತಿ ಮುಗಿಯುವ ತನಕ ವಾರಕ್ಕೊಮ್ಮೆ ಹಾಗೂ ಪ್ರತಿ ದೂರಪ್ರಯಾಣಕ್ಕೆ ಮೊದಲು ಗೇಜಿನಿಂದ ಒತ್ತಡ ನೋಡಿಕೊಳ್ಳಿ.