ಎರಿ ನೆಲದ ಮನೆಗೆ ಸುತ್ತುಗಟ್ಟಿ: ಗೋಡೆ ಬಿರುಕು ನಿಲ್ಲಿಸಿದ ನನ್ನ ಅನುಭವ

ಎರಿ, ಅಂದರೆ ಕಪ್ಪು ಜೇಡಿಮಣ್ಣಿನ ನೆಲದ ಮನೆಯ ಗೋಡೆ ಬಿರಿದರೆ ಗೌಂಡಿಯನ್ನು ಕರೆಸಿ ಗಿಲಾವು (ಪ್ಲಾಸ್ಟರ್) ಹಚ್ಚಿಸುವುದು ನಮ್ಮ ಕಡೆಯ ರೂಢಿ. ಮರುವರ್ಷ ಅದೇ ಕಿಟಕಿಯ ಮೂಲೆಯಿಂದ ಅದೇ ಬಿರುಕು ಮತ್ತೆ ಬಾಯಿ ತೆರೆಯುತ್ತದೆ. ಗೋಡೆಗೆ ಕೈ ಹಚ್ಚುವ ಮೊದಲು ಮನೆಯ ಸುತ್ತಲಿನ ನೆಲದ ಹಸಿಯನ್ನು ಹತೋಟಿಗೆ ತರಬೇಕು. ಅದಕ್ಕೆ ದಾರಿ ಸುತ್ತುಗಟ್ಟಿ, ಅಂದರೆ ಗೋಡೆಯ ಬುಡಕ್ಕೆ ಸುತ್ತಲೂ ಹಾಕುವ ಕಾಂಕ್ರೀಟಿನ ಪಟ್ಟಿ. ತಾಳಿಕೋಟಿಯಲ್ಲಿ 26 ಅಡಿ ಅಗಲ, 34 ಅಡಿ ಉದ್ದದ ಒಂದೇ ಅಂತಸ್ತಿನ ಇಟ್ಟಂಗಿ ಮನೆಗೆ ನಾನು ಇದನ್ನು ಮಾಡಿದ ರೀತಿ ಇಲ್ಲಿದೆ.

ಡೋಣಿ ಹೊಳೆಯ ದಂಡೆಯ ಎರಿ ಬಿಳಿಜೋಳಕ್ಕೆ ಎಷ್ಟು ಒಳ್ಳೆಯದೋ ಪಾಯಕ್ಕೆ ಅಷ್ಟೇ ಕಷ್ಟದ್ದು. ಅದರಲ್ಲಿನ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ನಡುವಿನ ನೆಲಕ್ಕೆ ಬಿಸಿಲೂ ಮಳೆಯೂ ತಾಗುವುದಿಲ್ಲ, ಅಂಚಿನ ನೆಲಕ್ಕೆ ಎರಡೂ ತಾಗುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಮೂಲೆಗಳು ಕೆಳಗಿಳಿಯುತ್ತವೆ, ನಡುಭಾಗ ಅಲ್ಲೇ ಉಳಿಯುತ್ತದೆ. ಬಿರುಕು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿದ್ದರೆ ಇದೇ ಕಾರಣ ಎಂದು ತಿಳಿಯಬಹುದು. ಒಂದಂತಸ್ತಿನ ಮನೆಗೇ ಈ ಕಾಟ ಹೆಚ್ಚು, ಯಾಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿರುವುದಿಲ್ಲ.

ಮೊದಲು ಅಳತೆ. ಬಿರುಕಿನ ಎರಡೂ ಬದಿಗೆ ಸಣ್ಣ ಮೊಳೆ ಬಡಿದು, ನಡುವಿನ ಅಂತರವನ್ನು ಪ್ರತಿ ತಿಂಗಳು ಅಳೆದು ಗೋಡೆಯ ಮೇಲೆಯೇ ತಾರೀಖಿನೊಂದಿಗೆ ಬರೆದಿಟ್ಟೆ. ಮೇ ತಿಂಗಳಲ್ಲಿ 5 ಮಿಲಿಮೀಟರ್ ಇದ್ದ ಬಿರುಕು ಅಕ್ಟೋಬರಿನಲ್ಲಿ 2ಕ್ಕೆ ಬಂತು. ಹೀಗೆ ಋತುವಿಗೆ ತಕ್ಕಂತೆ ತೆರೆದು ಮುಚ್ಚುವ ಬಿರುಕಿಗೆ ಮಾತ್ರ ಈ ಕೆಲಸ ಉಪಯೋಗ. ವರ್ಷವಿಡೀ ಒಂದೇ ಸಮ ಅಗಲವಾಗುತ್ತ ಹೋದರೆ ಪಾಯವೇ ಕುಸಿಯುತ್ತಿರಬಹುದು. ಆಗ ಎಂಜಿನಿಯರರೇ ಬಂದು ನೋಡಬೇಕು.

ಆಮೇಲೆ ಮಣ್ಣಿನ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನೂರು ಮಿಲಿಲೀಟರಿನ ಎರಡು ಗಾಜಿನ ಅಳತೆ ಕೊಳವೆ ಇದ್ದರೆ ಮನೆಯಲ್ಲೇ ಆಗುತ್ತದೆ. ಚೆನ್ನಾಗಿ ಒಣಗಿಸಿ, ಕುಟ್ಟಿ, ನುಣ್ಣಗೆ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ. ಒಂದು ಕೊಳವೆಗೆ ಸೀಮೆಎಣ್ಣೆ, ಇನ್ನೊಂದಕ್ಕೆ ಡಿಸ್ಟಿಲ್ಡ್ ನೀರು. ಗಾಳಿಗುಳ್ಳೆ ಹೋಗುವಂತೆ ಕಡ್ಡಿಯಿಂದ ಕಲಕಿ 24 ತಾಸು ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನಮ್ಮ ಎರಿ ಅಲ್ಲಿ 11ರ ಗೆರೆಗೆ ನಿಂತಿತ್ತು, ನೀರಿನಲ್ಲಿ 24ಕ್ಕೆ ಏರಿತ್ತು. ವ್ಯತ್ಯಾಸ 13, ಅದನ್ನು 11ರಿಂದ ಭಾಗಿಸಿದರೆ ಶೇಕಡಾ 118. ಭಾರತೀಯ ಮಾನಕದ ಪ್ರಕಾರ 50ರೊಳಗಿದ್ದರೆ ಚಿಂತೆಯಿಲ್ಲ, ನೂರು ದಾಟಿದರೆ ಅಪಾಯದ ಮಣ್ಣು. ಸುತ್ತುಗಟ್ಟಿಯ ಕೆಳಗೆ ತುಂಬಲು ತರಿಸುವ ಗರಸನ್ನೂ (ಹರಳು ಬೆರೆತ ಗಟ್ಟಿ ಮಣ್ಣು) ಹೀಗೆಯೇ ಪರೀಕ್ಷಿಸಿದೆ: 11 ಮತ್ತು 13, ಅಂದರೆ ಶೇಕಡಾ 18. ಗರಸು ಎಂದು ಎರಿ ಬೆರೆತ ಮಣ್ಣು ಕೊಡುವುದು ಸಾಮಾನ್ಯ, ಆದ್ದರಿಂದ ಟ್ರ್ಯಾಕ್ಟರ್ ಇಳಿಸುವ ಮೊದಲೇ ನೋಡಿಕೊಳ್ಳಬೇಕು.

ನೀರಿನ ದಾರಿ ಸರಿಪಡಿಸದೆ ಸುತ್ತುಗಟ್ಟಿ ಹಾಕಬಾರದು. ಈ ಮಾಳಿಗೆ 884 ಚದರ ಅಡಿ, ಎಂದರೆ 82 ಚದರ ಮೀಟರ್. 50 ಮಿಲಿಮೀಟರಿನ ಒಂದು ಮಳೆಗೆ 4,100 ಲೀಟರ್ ನೀರು ಹರನಾಳಿಗೆಯಿಂದ (ಮಾಳಿಗೆಯ ನೀರು ಹೊರಬೀಳುವ ಕೊಳವೆ) ನೇರ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಹರನಾಳಿಗೆಗಳಿಗೆ ನಾಲ್ಕು ಇಂಚಿನ ಪಿವಿಸಿ ಪೈಪು ಜೋಡಿಸಿ ನೀರನ್ನು ಮನೆಯಿಂದ ಹನ್ನೆರಡು ಅಡಿ ಆಚೆಗೆ ಒಯ್ದೆ. ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು, ಅದೂ ಗೋಡೆಗೆ ಹತ್ತಿಕೊಂಡೇ. ಆ ಬಾಳೆಯನ್ನು ಕಿತ್ತು ದೂರ ನೆಟ್ಟೆ. ಬಚ್ಚಲ ಪೈಪು ಗೋಡೆ ದಾಟುವಲ್ಲಿ ಸಿಮೆಂಟಿನಿಂದ ಗಟ್ಟಿಯಾಗಿ ಬಿಗಿದಿದ್ದರೆ ನೆಲ ಅಲುಗಿದಾಗ ಅಲ್ಲೇ ಸೀಳಿ ಒಳಗೊಳಗೆ ಸೋರುತ್ತದೆ. ಆರು ಇಂಚಿನ ತೂತು ಕೊರೆದು, ನಾಲ್ಕು ಇಂಚಿನ ಪೈಪನ್ನು ಸಡಿಲವಾಗಿ ಬಿಟ್ಟು, ಹೊರಗಿನ ಮೊದಲ ಜೋಡಣೆಯನ್ನು ರಬ್ಬರ್ ರಿಂಗಿನದು ಮಾಡಬೇಕು. ಗೋಡೆಯ ಹತ್ತಿರ ದೊಡ್ಡ ಬೇವಿನ ಮರವಿದ್ದರೆ ಬೇಸಿಗೆಯಲ್ಲಿ ಅದು ಪಾಯದ ಕೆಳಗಿನ ಹಸಿಯನ್ನೂ ಹೀರುತ್ತದೆ. ಆದರೂ ಒಮ್ಮೆಲೇ ಕಡಿಯಬಾರದು. ಮರ ಹೀರುತ್ತಿದ್ದ ನೀರು ನೆಲದಲ್ಲೇ ಉಳಿದು ಮಣ್ಣು ಉಬ್ಬುತ್ತದೆ, ಬಿರುಕು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ.

ಕೆಲಸಕ್ಕೆ ಕಾಲ ನವೆಂಬರ್. ಸೆಪ್ಟೆಂಬರಿನ ದೊಡ್ಡ ಮಳೆ ಮುಗಿದು, ನೆಲ ತೀರ ಹಸಿಯೂ ಅಲ್ಲದೆ ತೀರ ಒಣಗಿಯೂ ಇರದ ಹೊತ್ತು ಅದು. ಮೇ ತಿಂಗಳಲ್ಲಿ ಬಾಯಿಬಿಟ್ಟ ನೆಲದ ಮೇಲೆ ಕಾಂಕ್ರೀಟ್ ಹಾಕಿದರೆ ಮುಂದೆ ಮಣ್ಣು ಹಸಿ ಹಿಡಿದು ಅದನ್ನು ಎತ್ತಿ ಒಡೆಯುತ್ತದೆ.

ಗೋಡೆಯಿಂದ ನಾಲ್ಕು ಅಡಿ ಅಗಲಕ್ಕೆ ಸುತ್ತಲೂ ಒಂದು ಅಡಿ ಆಳ ಅಗೆಸಿದೆ. ಒಮ್ಮೆಗೆ ಒಂದೇ ಬದಿ. ಅಗಲದ ಹೊರ ಅಂಚಿನಲ್ಲಿ ಗುದ್ದಲಿ ಅಗಲದ ಕಾಲುವೆ, ನೆಲಮಟ್ಟದಿಂದ ಮೂರು ಅಡಿ ಆಳ. ಅದರ ಮನೆ ಕಡೆಯ ಬದಿಗೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಹಾಳೆಯ ಹೊರಬದಿಗೆ ಅಗೆದು ತೆಗೆದ ಎರಿಯನ್ನೇ ತುಸು ಹಸಿ ಮಾಡಿ ತುಂಬಿ ದಮ್ಮಸು ಹೊಡೆಸಿದೆ. ಇಲ್ಲಿ ಬಹಳ ಜನ ಉಸುಕು ಅಥವಾ ಕಡಿ (ಜಲ್ಲಿಕಲ್ಲು) ತುಂಬುತ್ತಾರೆ. ಅದು ದೊಡ್ಡ ತಪ್ಪು: ಎರಿಯ ನಡುವೆ ಉಸುಕಿನ ಕಾಲುವೆ ಎಂದರೆ ಪಾಯದ ಪಕ್ಕದಲ್ಲಿ ನೀರಿನ ತೊಟ್ಟಿ ಕಟ್ಟಿದಂತೆ. ಗರಸೂ ಬರೀ ಹರಳಾಗಿರಬಾರದು. ಹಸಿ ಗರಸನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಮಾತ್ರ ಅಂಟಬಾರದು.

ಅಗೆದ ಜಾಗಕ್ಕೆ ಗರಸನ್ನು ನಾಲ್ಕು ಇಂಚು ಹರವಿ, ನೀರು ಚಿಮುಕಿಸಿ, ಮೂರು ಇಂಚಿಗೆ ಇಳಿಯುವವರೆಗೆ ದಮ್ಮಸು. ಹೀಗೆ ಮೂರು ಪದರ. ಕೊನೆಯದನ್ನು ಗೋಡೆಯ ಕಡೆ ಎರಡು ಇಂಚು ಎತ್ತರಿಸಿದರೆ ಹೊರಗಿಳಿಜಾರು ಗರಸಿನಲ್ಲೇ ಸಿಗುತ್ತದೆ. ಅದನ್ನು ನೀರು ತುಂಬಿದ ಲೆವೆಲ್ ಪೈಪಿನಿಂದ ಆರಾರು ಅಡಿಗೆ ನೋಡಿಕೊಂಡೆ. ಒಟ್ಟು ಸುಮಾರು ಆರು ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಗರಸು ಹಿಡಿಯಿತು. ಅದರ ಮೇಲೆ ಅದೇ ಪ್ಲಾಸ್ಟಿಕ್ ಹಾಳೆ, ತುಂಡುಗಳು ಒಂದರ ಮೇಲೊಂದು ಒಂದು ಅಡಿ ಬರುವಂತೆ, ಹೊರಗಿನ ಕಾಲುವೆಯ ಹಾಳೆಯೊಂದಿಗೆ ಕೂಡುವಂತೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಗೋಡೆ ಮತ್ತು ಸುತ್ತುಗಟ್ಟಿಯ ನಡುವಿನ ಸಂದು. ಗೌಂಡಿಗಳು ಕಾಂಕ್ರೀಟನ್ನು ಗೋಡೆಗೆ ಒತ್ತಿ ಅಂಟಿಸಿಬಿಡುತ್ತಾರೆ, ಪಕ್ಕದಲ್ಲಿ ನಿಂತೇ ಮಾಡಿಸಬೇಕು. ಮಣ್ಣು ಅಲುಗಿದಾಗ ಸುತ್ತುಗಟ್ಟಿ ಒಂದು ಲೆಕ್ಕದಲ್ಲಿ, ಗೋಡೆ ಇನ್ನೊಂದು ಲೆಕ್ಕದಲ್ಲಿ ಸರಿಯುತ್ತವೆ. ಅಂಟಿಕೊಂಡಿದ್ದರೆ ಒಂದು ಇನ್ನೊಂದನ್ನು ಎಳೆಯುತ್ತದೆ, ಆ ಸೀಳಿನಲ್ಲೇ ನೀರು ಇಳಿಯುತ್ತದೆ. ಗೋಡೆಗುಂಟ 12 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಪಟ್ಟಿ ನಿಲ್ಲಿಸಿ ಆಮೇಲೆ ಮೂರು ಇಂಚು ದಪ್ಪ ಕಾಂಕ್ರೀಟ್ ಹಾಕಿಸಿದೆ. ಒಂದು ಸಿಮೆಂಟ್, ಎರಡು ಉಸುಕು, ನಾಲ್ಕು ಕಡಿ. 544 ಚದರ ಅಡಿಗೆ 25 ಚೀಲ ಸಿಮೆಂಟ್, ಮುಕ್ಕಾಲು ಬ್ರಾಸಿಗೆ ತುಸು ಕಡಿಮೆ ಉಸುಕು, ಸವಾ (ಒಂದೂಕಾಲು) ಬ್ರಾಸ್ ಕಡಿ. ಆರು ಅಡಿಗೊಂದು ಸಂದು ಬಿಟ್ಟು, ಒಂದು ಬಿಟ್ಟು ಒಂದು ಅಂಕಣ ತುಂಬಿಸಬೇಕು.

ನೀರುಣಿಸಲು ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಡಿ. ಸಂದು ಇನ್ನೂ ಮುಚ್ಚಿರುವುದಿಲ್ಲ, ಆ ನೀರೆಲ್ಲ ಪಾಯಕ್ಕೇ ಹೋಗುತ್ತದೆ. ಹಸಿ ಗೋಣಿತಟ್ಟು ಹಾಸಿ ಹತ್ತು ದಿನ ಒದ್ದೆಯಾಗಿಟ್ಟರೆ ಸಾಕು. ಆಮೇಲೆ ಥರ್ಮಾಕೋಲನ್ನು ಮೇಲಿನಿಂದ ಒಂದು ಇಂಚು ಕೆರೆದು ತೆಗೆದು, ಕಾಸಿದ ದಾಂಬರಿಗೆ ಒಣ ಉಸುಕು ಕಲೆಸಿ ತುಂಬಿದೆ. ಪಾಲಿಸಲ್ಫೈಡ್ ಸೀಲೆಂಟ್ ಇನ್ನೂ ಬಾಳಿಕೆ ಬರುತ್ತದೆ, ಆದರೆ ದುಬಾರಿ. ಕಾಂಕ್ರೀಟಿನ ಮೇಲೆ ತಾಳಿಕೋಟಿ ಫರ್ಸಿ (ಹಾಸುಗಲ್ಲು) ಹಾಸುವುದಾದರೆ ಅದೇ ಸಂದುಗಳು ಫರ್ಸಿಯಲ್ಲೂ ಬರಬೇಕು. ಹಳೆಯ ಮನೆಗಳ ಮುಂದಿನ ಅಗಲ ಕಲ್ಲಿನ ಕಟ್ಟಿ ಬರೀ ಕೂಡ್ರಲಿಕ್ಕೆ ಇರಲಿಲ್ಲ ಎಂದು ನನಗನಿಸುತ್ತದೆ, ಮುಂಗೋಡೆಯ ಬುಡಕ್ಕೆ ಅದೂ ಬಿಸಿಲು ಮಳೆ ತಾಗಗೊಡುತ್ತಿರಲಿಲ್ಲ.

ಗೋಡೆಯ ಬಿರುಕನ್ನು ಆಗಲೇ ಮುಚ್ಚದೆ ಎರಡು ಬೇಸಿಗೆ ಕಾದೆ. ಎರಡನೆಯ ವರ್ಷ ಮೇ ಮತ್ತು ಅಕ್ಟೋಬರಿನ ಅಳತೆಗಳ ನಡುವೆ ಒಂದು ಮಿಲಿಮೀಟರ್ ಅಂತರವೂ ಇರಲಿಲ್ಲ. ಆಗ ಬಿರುಕಿನ ಎರಡೂ ಬದಿಯ ಗಿಲಾವನ್ನು ಆರಾರು ಇಂಚು ಕಿತ್ತೆ. ನಾಲ್ಕು ವರಸೆಗೊಂದರಂತೆ ಇಟ್ಟಂಗಿ ಸಂದಿಯನ್ನು ಕೆರೆದು, ಎರಡೂ ತುದಿ ಮಡಚಿದ ಎರಡು ಅಡಿಯ 8 ಮಿಲಿಮೀಟರ್ ಕಬ್ಬಿಣದ ಸಳಿಯನ್ನು ಬಿರುಕಿಗೆ ಅಡ್ಡಲಾಗಿ ಕೂರಿಸಿದೆ. ಮೇಲೆ ಕೋಳಿಜಾಳಿಗೆ ಬಡಿದು ಒಂದು ಸಿಮೆಂಟಿಗೆ ಆರು ಉಸುಕಿನ ಗಿಲಾವು. ಗಟ್ಟಿಯಾಗಲೆಂದು ಒಂದಕ್ಕೆ ಮೂರು ಕಲೆಸಿದರೆ ಅದು ಒಣಗುವಾಗ ತಾನೇ ಬಿರಿಯುತ್ತದೆ.

ಇನ್ನು ಉಳಿಯುವುದು ಸಂದಿನ ದಾಂಬರು. ಬಿಸಿಲಿಗೆ ಅದು ಒಣಗಿ ಗೋಡೆಯಿಂದ ಬಿಡುತ್ತದೆ. ಪ್ರತಿ ವರ್ಷ ಜೂನ್ ಮೊದಲ ಭಾಗದ ಮಿರಗದ (ಮೃಗಶಿರ) ಮಳೆಗೆ ಹದಿನೈದು ದಿನ ಮೊದಲು ಸುತ್ತಲೂ ಚಾಕು ಹಾಕಿ ನೋಡಿ, ಎಲ್ಲಿ ಮೊನೆ ಒಳಗಿಳಿಯುತ್ತದೋ ಅಲ್ಲಿ ಕೆರೆದು ಹೊಸದಾಗಿ ತುಂಬುತ್ತೇನೆ.